ಚಳಿಯ ಮೈದಾನದಲ್ಲಿ ಬರಿಗೈ: ಸಾಫ್ಟ್‌ಬಾಲ್ ಎಸೆತಗಾರರ ಉಡುಪು ಮತ್ತು ಸಲಕರಣೆಗಳ ನಿಯಮಗಳು

ಕ್ರೀಡೆಯ ನಿಯಮಗಳಲ್ಲಿ ಕೆಲವು ಮೊದಲ ನೋಟಕ್ಕೆ ನಿರ್ದಯವಾಗಿ ತೋರುತ್ತವೆ. ಅವುಗಳ ಕಾರಣವನ್ನು ವಿಚಾರಿಸಿ ತಿಳಿದಾಗ ಮಾತ್ರ ಅವುಗಳಲ್ಲಿರುವ ನ್ಯಾಯದೃಷ್ಟಿ ಗೋಚರವಾಗುತ್ತದೆ. ಅಮೆರಿಕೆಯ ಸಂಯುಕ್ತ ಸಂಸ್ಥಾನಗಳಲ್ಲಿ ಲಕ್ಷಾಂತರ ಬಾಲಕಿಯರು ಆಡುವ ಸಾಫ್ಟ್‌ಬಾಲ್ ಆಟದಲ್ಲಿ ಅಂತಹ ಒಂದು ನಿಯಮವಿದೆ.

ಆ ದೇಶದ ಉತ್ತರ ಭಾಗದಲ್ಲಿರುವ ಮಿನ್ನೆಸೋಟ, ವಿಸ್ಕಾನ್ಸಿನ್, ಮಿಷಿಗನ್ ಮೊದಲಾದ ಸಂಸ್ಥಾನಗಳಲ್ಲಿ ಪ್ರೌಢಶಾಲೆಗಳ ಸಾಫ್ಟ್‌ಬಾಲ್ ಪಂದ್ಯಗಳು ವಸಂತಋತುವಿನ ಆರಂಭದಲ್ಲಿ ತೊಡಗುತ್ತವೆ. ಹೆಸರಿಗೆ ಅದು ವಸಂತ. ಆದರೆ ಮಾರ್ಚ್ ತಿಂಗಳ ಕೊನೆಯಲ್ಲಿಯೂ ಏಪ್ರಿಲ್ ತಿಂಗಳ ಮೊದಲಲ್ಲಿಯೂ ಅಲ್ಲಿ ಸಂಜೆಯ ಉಷ್ಣತೆ 5 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿಗೆ ಇಳಿಯುವುದು ಅಪರೂಪವಲ್ಲ. ಅಂತಹ ಸಂಜೆ ಕ್ಷೇತ್ರರಕ್ಷಣೆಯಲ್ಲಿರುವವರು ಚೆಂಡು ತಮ್ಮ ಕಡೆಗೆ ಬಾರದ ಹೊತ್ತಿನಲ್ಲಿ ಕೈಯನ್ನು ಕಂಕುಳಲ್ಲಿ ಅವುಚಿಕೊಂಡು ಬೆಚ್ಚಗಾಗಿಸಿಕೊಳ್ಳುತ್ತಾರೆ. ದಾಂಡು ಹಿಡಿದು ನಿಂತವಳು ಎರಡೂ ಕೈಗಳಿಗೆ ಗವಸು ಧರಿಸಿರುತ್ತಾಳೆ. ಮೈದಾನದ ನಡುವಿನ ವೃತ್ತದಲ್ಲಿ ನಿಂತ ಎಸೆತಗಾರ್ತಿಯ ಒಂದು ಕೈ ಮಾತ್ರ, ಗಾಳಿ ಎಷ್ಟೇ ಕೊರೆಯುತ್ತಿರಲಿ, ಬರಿದಾಗಿಯೇ ಇರುತ್ತದೆ. ಯಾವ ಕೈಯ ಬೆರಳುಗಳ ಚುರುಕಿನ ಮೇಲೆ ಪಂದ್ಯದ ಗತಿಯೆಲ್ಲ ನಿಂತಿದೆಯೋ ಆ ಕೈಗೇ ಗವಸು ನಿಷಿದ್ಧವಾಗಿದೆ. ಹೀಗೇಕೆ ಎಂಬುದನ್ನು ತಿಳಿಯಬೇಕಾದರೆ ಆಟದ ಹುಟ್ಟು, ಎಸೆತದ ಸ್ವರೂಪ, ಶೀತವು ದೇಹದ ಮೇಲೆ ಮಾಡುವ ಪರಿಣಾಮ ಇವುಗಳನ್ನು ಕ್ರಮವಾಗಿ ನೋಡಬೇಕು.

ಚಳಿಗಾಲದಲ್ಲಿ ಹುಟ್ಟಿದ ಆಟ

ಸಾಫ್ಟ್‌ಬಾಲ್ ಆಟ ಹುಟ್ಟಿದ್ದೇ ಚಳಿಗಾಲದ ಒಂದು ದಿನ. 1887ರ ನವೆಂಬರ್ ತಿಂಗಳಲ್ಲಿ ಷಿಕಾಗೋ ನಗರದ ಫ್ಯಾರಗಟ್ ದೋಣಿ ಸಂಘದ ವ್ಯಾಯಾಮಶಾಲೆಯಲ್ಲಿ ಕೆಲವು ತರುಣರು ಯೇಲ್ ಮತ್ತು ಹಾರ್ವರ್ಡ್ ವಿಶ್ವವಿದ್ಯಾಲಯಗಳ ಫುಟ್‌ಬಾಲ್ ಪಂದ್ಯದ ಫಲಿತಾಂಶಕ್ಕಾಗಿ ಕಾಯುತ್ತಿದ್ದರು. ಫಲಿತಾಂಶ ತಂತಿಯ ಮೂಲಕ ತಿಳಿದ ಸಂಭ್ರಮದಲ್ಲಿ ಒಬ್ಬನು ಮುಷ್ಟಿಯುದ್ಧದ ಗವಸೊಂದನ್ನು ಎಸೆದನು. ಇನ್ನೊಬ್ಬನು ಅದನ್ನು ಕೋಲಿನಿಂದ ಹೊಡೆದನು. ಅಲ್ಲಿದ್ದ ಜಾರ್ಜ್ ಹ್ಯಾನ್‌ಕಾಕ್ ಎಂಬ ವರದಿಗಾರನು ಆ ಗವಸನ್ನೇ ಚೆಂಡಿನಂತೆ ಬಿಗಿದು ಕಟ್ಟಿ, ನೆಲದ ಮೇಲೆ ಸೀಮೆಸುಣ್ಣದಿಂದ ಗೆರೆಗಳನ್ನು ಎಳೆದು, ಒಳಾಂಗಣದಲ್ಲಿ ಆಡಬಹುದಾದ ಬೇಸ್‌ಬಾಲ್ ಆಟವನ್ನು ರೂಪಿಸಿದನು. ಹೊರಗೆ ಚಳಿ ಇದ್ದುದರಿಂದ ಒಳಗೆ ಹುಟ್ಟಿದ ಆ ಆಟ ಕ್ರಮೇಣ ಬಯಲಿಗೆ ಬಂದಿತು. 1895ರಲ್ಲಿ ಮಿನ್ನಿಯಾಪೊಲಿಸ್ ನಗರದ ಅಗ್ನಿಶಾಮಕ ದಳದ ಲೂಯಿ ರೋಬರ್ ಅದನ್ನು ತನ್ನ ಸಹೋದ್ಯೋಗಿಗಳಿಗೆ ಹೊರಾಂಗಣದಲ್ಲಿ ಆಡಿಸಿದನು. ‘ಸಾಫ್ಟ್‌ಬಾಲ್’ ಎಂಬ ಹೆಸರನ್ನು 1926ರಲ್ಲಿ ವಾಲ್ಟರ್ ಹ್ಯಾಕನ್‌ಸನ್ ಸೂಚಿಸಿದನು. 1933ರ ಷಿಕಾಗೋ ವಿಶ್ವಮೇಳದ ಪಂದ್ಯಾವಳಿಯ ನಂತರ ನಿಯಮಗಳ ಏಕರೂಪತೆಯ ಕಾರ್ಯ ಭರದಿಂದ ಸಾಗಿತು.

ಮಹಿಳೆಯರ ಸಾಫ್ಟ್‌ಬಾಲ್ 1996ರ ಅಟ್ಲಾಂಟ ಒಲಿಂಪಿಕ್ ಕ್ರೀಡೆಗಳಲ್ಲಿ ಮೊದಲು ಸ್ಥಾನ ಪಡೆದು, 2008ರ ಬೀಜಿಂಗ್ ಕ್ರೀಡೆಗಳವರೆಗೆ ಮುಂದುವರಿಯಿತು. ಮತ್ತೆ 2021ರಲ್ಲಿ ನಡೆದ ಟೋಕಿಯೋ ಕ್ರೀಡೆಗಳಲ್ಲಿ ಅದನ್ನು ಆಡಲಾಯಿತು. ಭಾರತದಲ್ಲಿಯೂ ಶಾಲಾ ಕ್ರೀಡೆಗಳಲ್ಲಿ ಈ ಆಟಕ್ಕೆ ಸ್ಥಾನ ದೊರೆತಿದೆ.

ಎಸೆತದ ಸ್ವರೂಪ

ಹೆಸರಿನಲ್ಲಿ ಮೃದುತ್ವವಿದ್ದರೂ ಇಂದಿನ ಸಾಫ್ಟ್‌ಬಾಲ್ ಚೆಂಡು ಮೃದುವಲ್ಲ. ಅದರ ಸುತ್ತಳತೆ 12 ಅಂಗುಲ, ಅಂದರೆ ಸುಮಾರು 30 ಸೆಂಟಿಮೀಟರ್. ತೂಕ 178ರಿಂದ 198 ಗ್ರಾಂ. ಕ್ರಿಕೆಟ್ ಚೆಂಡಿಗಿಂತ ಇದು ಗಾತ್ರದಲ್ಲಿಯೂ ತೂಕದಲ್ಲಿಯೂ ದೊಡ್ಡದು. ಆದ್ದರಿಂದ ಬಾಲಕಿಯರ ಅಂಗೈಗೆ ಇದು ಸುಲಭವಾಗಿ ಒಗ್ಗುವ ವಸ್ತುವಲ್ಲ. ಬೆರಳುಗಳ ತುದಿಯಿಂದ ಹೊಲಿಗೆಯ ಏಣುಗಳನ್ನು ಹಿಡಿದೇ ಅದನ್ನು ಅಂಕೆಯಲ್ಲಿಡಬೇಕು.

ವೇಗದ ಎಸೆತದ ಸಾಫ್ಟ್‌ಬಾಲ್ ಆಟದಲ್ಲಿ ಎಸೆತಗಾರ್ತಿ ತೋಳನ್ನು ಗಾಳಿಯಂತ್ರದ ರೆಕ್ಕೆಯಂತೆ ಒಂದು ಪೂರ್ಣ ಸುತ್ತು ತಿರುಗಿಸಿ, ಕೈ ಸೊಂಟದ ಪಕ್ಕಕ್ಕೆ ಬಂದ ಕ್ಷಣದಲ್ಲಿ ಚೆಂಡನ್ನು ಕೆಳಗಿನಿಂದ ಬಿಡುತ್ತಾಳೆ. ಅವಳು ನಿಲ್ಲುವ ಫಲಕಕ್ಕೂ ದಾಂಡಿಗಳ ಮುಂದಿನ ಹೋಂ ಪ್ಲೇಟಿಗೂ ನಡುವಣ ಅಂತರ ಪ್ರೌಢಶಾಲಾ ಪಂದ್ಯಗಳಲ್ಲಿಯೂ ಕಾಲೇಜು ಪಂದ್ಯಗಳಲ್ಲಿಯೂ 43 ಅಡಿ, ಅಂದರೆ 13.11 ಮೀಟರ್. ಎಸೆಯುವಾಗ ಅವಳು ಒಂದು ದೊಡ್ಡ ಹೆಜ್ಜೆ ಮುಂದಕ್ಕೆ ಇಡುವುದರಿಂದ ನಿಜವಾಗಿ ಚೆಂಡು ಕ್ರಮಿಸುವ ದೂರ ಇನ್ನೂ ಕಡಿಮೆ. ಗಂಟೆಗೆ 96 ಕಿಲೋಮೀಟರ್ ವೇಗದ ಎಸೆತ ದಾಂಡಿಗಳನ್ನು ತಲಪಲು ಸೆಕೆಂಡಿನ ಹತ್ತನೆಯ ನಾಲ್ಕು ಭಾಗದಷ್ಟು ಕಾಲ ಸಾಕು. ಅಷ್ಟರೊಳಗೆ ಅವಳು ಚೆಂಡನ್ನು ಕಂಡು, ಅದರ ದಾರಿಯನ್ನು ಊಹಿಸಿ, ಹೊಡೆಯಬೇಕೋ ಬಿಡಬೇಕೋ ಅಥವಾ ತಪ್ಪಿಸಿಕೊಳ್ಳಬೇಕೋ ಎಂದು ನಿರ್ಧರಿಸಬೇಕು.

ಚೆಂಡು ಬೆರಳುಗಳಿಂದ ಕಳಚುವ ಕೊನೆಯ ಕ್ಷಣದಲ್ಲಿ ಬೆರಳ ತುದಿಗಳು ಅದಕ್ಕೆ ಸುತ್ತನ್ನು ಕೊಡುತ್ತವೆ. ಆ ಸುತ್ತಿನ ದಿಕ್ಕಿನಿಂದಲೇ ಕೆಲವು ಎಸೆತಗಳು ಥಟ್ಟನೆ ಕೆಳಗಿಳಿಯುತ್ತವೆ, ಕೆಲವು ಮೇಲೇರುವಂತೆ ಭಾಸವಾಗುತ್ತವೆ, ಕೆಲವು ಪಕ್ಕಕ್ಕೆ ಸರಿಯುತ್ತವೆ. ಬಿಡುವ ಕ್ಷಣ ಅಣುಮಾತ್ರ ಹಿಂದುಮುಂದಾದರೂ ಚೆಂಡು ಗುರಿ ತಪ್ಪುತ್ತದೆ. ಆದ್ದರಿಂದ ಎಸೆತಗಾರ್ತಿಗೆ ತೋಳಿನ ಬಲದಷ್ಟೇ ಬೆರಳ ತುದಿಯ ಸ್ಪರ್ಶಜ್ಞಾನವೂ ಮುಖ್ಯ.

ಶೀತವು ಕೈಗೆ ಮಾಡುವುದೇನು?

ಮಾನವ ಶರೀರಕ್ಕೆ ಶೀತ ತಗಲಿದಾಗ ಅದು ಮೊದಲು ಹೃದಯ, ಶ್ವಾಸಕೋಶ, ಮೆದುಳು ಮೊದಲಾದ ಮುಖ್ಯ ಅವಯವಗಳ ಶಾಖವನ್ನು ಕಾಪಾಡಲು ಯತ್ನಿಸುತ್ತದೆ. ಅದಕ್ಕಾಗಿ ಕೈಕಾಲುಗಳ ಚರ್ಮದಲ್ಲಿರುವ ರಕ್ತನಾಳಗಳು ಸಂಕೋಚಗೊಳ್ಳುತ್ತವೆ. ಬೆರಳುಗಳಿಗೆ ಹರಿಯುವ ಬಿಸಿ ರಕ್ತ ಕಡಿಮೆಯಾಗುತ್ತದೆ. ನರಗಳಲ್ಲಿ ಸಂದೇಶಗಳ ವೇಗ ತಗ್ಗುತ್ತದೆ. ಸ್ನಾಯುಗಳ ಚಲನೆ ನಿಧಾನವಾಗುತ್ತದೆ. ಕೀಲುಗಳಲ್ಲಿರುವ ದ್ರವ ಗಟ್ಟಿಯಾಗಿ ಬೆರಳುಗಳು ಸೆಟೆಯುತ್ತವೆ. ಕೈಯ ಚರ್ಮದ ಉಷ್ಣತೆ ಸುಮಾರು 15 ಡಿಗ್ರಿಗಿಂತ ಕೆಳಗಿಳಿದಾಗ ಬೆರಳುಗಳ ಕುಶಲತೆ ಗಮನಾರ್ಹವಾಗಿ ಕುಗ್ಗುತ್ತದೆ. ಸುಮಾರು 8 ಡಿಗ್ರಿಗಿಂತ ಕೆಳಗಾದರೆ ಸ್ಪರ್ಶಜ್ಞಾನವೇ ಮಂದವಾಗುತ್ತದೆ. ಗಾಳಿ ಬೀಸಿದರೆ ಈ ಕ್ರಿಯೆ ಇನ್ನಷ್ಟು ಶೀಘ್ರವಾಗುತ್ತದೆ. ಉಷ್ಣತಾಮಾಪಕವು 5 ಡಿಗ್ರಿ ತೋರಿಸುತ್ತಿರುವಾಗ ಗಂಟೆಗೆ 30 ಕಿಲೋಮೀಟರ್ ವೇಗದ ಗಾಳಿಯಿದ್ದರೆ ತೆರೆದ ಚರ್ಮಕ್ಕೆ ಅದು 0 ಡಿಗ್ರಿಯ ಚಳಿಯಂತೆಯೇ ತಟ್ಟುತ್ತದೆ.

ಚಳಿಯ ಪ್ರಭಾವ ಸಲಕರಣೆಗಳ ಮೇಲೆಯೂ ಇದೆ. ಶುಷ್ಕವಾದ ತಂಪು ಹವೆಯಲ್ಲಿ ಬೆವರಿನ ಅಲ್ಪ ತೇವವೂ ಇಲ್ಲದೆ ಚೆಂಡು ಬೆರಳಿನಿಂದ ಜಾರುತ್ತದೆ. ಗವಸಿನ ಚರ್ಮ ಬಿರುಸಾಗುತ್ತದೆ. ಕೃತಕ ನಾರುಗಳಿಂದ ಮಾಡಿದ ದಾಂಡುಗಳು ಭಿದುರವಾಗಿ ಬಿರುಕುಬಿಡುವ ಸಂಭವವಿರುವುದರಿಂದ, ಸುಮಾರು 15 ಡಿಗ್ರಿಗಿಂತ ತಂಪಾದ ಹವೆಯಲ್ಲಿ ಅವುಗಳನ್ನು ಬಳಸಬಾರದೆಂದು ತಯಾರಕರು ಎಚ್ಚರಿಸುವುದುಂಟು.

ಹೀಗೆ ಬೆರಳುಗಳ ಶಕ್ತಿ ಕುಗ್ಗಿದಾಗ ಎಸೆತಗಾರ್ತಿಗೆ ಗವಸು ಧರಿಸುವ ಆಸೆ ಹುಟ್ಟುವುದು ಸಹಜ. ಕನಿಷ್ಠಪಕ್ಷ ಬೆರಳುಗಳಿಗೆ ಪಟ್ಟಿ ಸುತ್ತಬೇಕೆಂದೋ ಮಣಿಕಟ್ಟಿಗೆ ಉಣ್ಣೆಯ ಪಟ್ಟಿ ಹಾಕಬೇಕೆಂದೋ ಅವಳಿಗೆ ತೋರಬಹುದು. ನಿಯಮವು ಅವಳನ್ನು ತಡೆಯುವುದು ಈ ಹಂತದಲ್ಲಿಯೇ.

ನಿಯಮ ನಿಷೇಧಿಸುವುದು

ಅಮೆರಿಕೆಯಲ್ಲಿ ಸಾಫ್ಟ್‌ಬಾಲ್ ಆಟಕ್ಕೆ ಒಂದೇ ನಿಯಮಗ್ರಂಥವಿಲ್ಲ. ಪ್ರೌಢಶಾಲೆಗಳಿಗೆ, ಕಾಲೇಜುಗಳಿಗೆ, ಸಾರ್ವಜನಿಕ ಸಂಘಗಳಿಗೆ ಪ್ರತ್ಯೇಕ ನಿಯಮಾವಳಿಗಳಿವೆ. ಅಂತರರಾಷ್ಟ್ರೀಯ ಪಂದ್ಯಗಳಿಗೆ ಮತ್ತೊಂದಿದೆ. ವಿವರಗಳಲ್ಲಿ ಅವು ಭಿನ್ನವಾಗಿದ್ದು, ಆಗಾಗ ಪರಿಷ್ಕರಣಗೊಳ್ಳುತ್ತಲೂ ಇರುತ್ತವೆ. ಆದರೂ ಎಸೆಯುವ ಕೈಗೆ ಸಂಬಂಧಿಸಿದ ಮೂಲತತ್ತ್ವದಲ್ಲಿ ಅವುಗಳಲ್ಲಿ ಐಕ್ಯವಿದೆ. ಆ ತತ್ತ್ವಗಳನ್ನು ಹೀಗೆ ಸಂಗ್ರಹಿಸಬಹುದು:

1. ದಾಂಡು ಹಿಡಿಯುವವರು ಧರಿಸುವ ಗವಸನ್ನು ಎಸೆತಗಾರ್ತಿ ತನ್ನ ಎಸೆಯುವ ಕೈಗೆ ಧರಿಸಕೂಡದು.

2. ಎಸೆಯುವ ಕೈಯ ಬೆರಳುಗಳಿಗೆ ಅಂಟುಪಟ್ಟಿ ಸುತ್ತಕೂಡದು. ಚೆಂಡಿಗೆ ಯಾವುದೇ ಪರಕೀಯ ವಸ್ತುವನ್ನು ಲೇಪಿಸಕೂಡದು.

3. ಎಸೆಯುವ ಕೈಯ ಮಣಿಕಟ್ಟಿನ ಮೇಲೆ ಅಥವಾ ಮುಂದೋಳಿನ ಮೇಲೆ ಬೆವರುಪಟ್ಟಿ, ಬಳೆ, ಕಡಗ ಮೊದಲಾದ ದಾಂಡಿಗಳ ದೃಷ್ಟಿಯನ್ನು ಸೆಳೆಯುವ ವಸ್ತುಗಳಿರಕೂಡದು. ಸಂಜ್ಞೆಗಳನ್ನು ಬರೆದ ಪಟ್ಟಿಯನ್ನು ಎಸೆತಗಾರ್ತಿ ಧರಿಸುವುದಾದರೆ ಅದು ಎಸೆಯದ ತೋಳಿನ ಮೇಲಿರಬೇಕು.

4. ಎಸೆತಗಾರ್ತಿ ಇನ್ನೊಂದು ಕೈಗೆ ಧರಿಸುವ ಚರ್ಮದ ಗವಸು ಚೆಂಡಿನ ಬಣ್ಣವನ್ನು ಹೋಲಿ ದಾಂಡಿಗಳನ್ನು ಭ್ರಮೆಗೊಳಿಸುವಂತಿರಬಾರದು. ಗವಸಿನ ಹೆಣಿಗೆಯ ದಾರವೂ ಚೆಂಡಿನ ಬಣ್ಣದ್ದಾಗಿರಬಾರದೆಂದು ಕೆಲವು ನಿಯಮಾವಳಿಗಳು ಸ್ಪಷ್ಟವಾಗಿ ಹೇಳುತ್ತವೆ.

5. ಉಡುಪಿನ ಒಳಗೆ ಧರಿಸಿದ ಅಂಗಿಯ ತೋಳುಗಳು ಹೊರಗೆ ಕಾಣುವಂತಿದ್ದರೆ ಅವು ಹರಿದು ಜೋಲಾಡುವಂತೆ, ಸೀಳಿದಂತೆ ಅಥವಾ ಎಳೆಗಳು ಬಿಚ್ಚಿದಂತೆ ಇರಕೂಡದು.

ಇವುಗಳಲ್ಲಿ ಯಾವುದಾದರೂ ಉಲ್ಲಂಘನೆ ಕಂಡುಬಂದರೆ ಅಂಪೈರು ಆ ವಸ್ತುವನ್ನು ತೆಗೆಯುವಂತೆ ಆಜ್ಞಾಪಿಸುತ್ತಾನೆ. ನಿಷಿದ್ಧ ರೀತಿಯಲ್ಲಿ ಎಸೆದರೆ ದಾಂಡಿಗಳ ಲೆಕ್ಕಕ್ಕೆ ಒಂದು ‘ಬಾಲ್’ ಸೇರುತ್ತದೆ. ಅಂತಹ ನಾಲ್ಕು ‘ಬಾಲ್’ಗಳಾದರೆ ಅವಳು ಹೊಡೆಯದೆಯೇ ಮೊದಲನೆಯ ನೆಲೆಗೆ ನಡೆದುಹೋಗುವಳು.

ನಿಷೇಧದ ಹಿಂದಿರುವ ಕಾರಣ

ಇಷ್ಟೊಂದು ಕಟ್ಟುನಿಟ್ಟು ಏತಕ್ಕೆ? ಮೊದಲನೆಯ ಕಾರಣ ದೃಷ್ಟಿಗೆ ಸಂಬಂಧಿಸಿದ್ದು. ದಾಂಡಿಗಳು ಚೆಂಡನ್ನು ಹುಡುಕುವುದು ಎಸೆಯುವ ಕೈಯಲ್ಲಿ. ಸೊಂಟದ ಪಕ್ಕದಲ್ಲಿ ಕೈ ಕಾಣಿಸಿಕೊಳ್ಳುವ ಕ್ಷಣದಲ್ಲಿ ಅವಳ ಕಣ್ಣು ಅಲ್ಲಿ ನೆಟ್ಟಿರುತ್ತದೆ. ಆ ಕೈಯ ಮೇಲೆ ಬಿಳಿಯ ಪಟ್ಟಿಯೋ, ಹೊಳೆಯುವ ಕಡಗವೋ, ಗಾಳಿಗೆ ಅಲುಗಾಡುವ ತೋಳಿನ ಅಂಚೋ ಇದ್ದರೆ ಕಣ್ಣು ಒಂದು ನಿಮಿಷಾರ್ಧವೂ ಅಲ್ಲ, ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ಮೋಸಹೋದರೂ ಸಾಕು. ಅವಳಿಗಿರುವ ಒಟ್ಟು ಕಾಲದ ಕಾಲುಭಾಗ ಕಳೆದುಹೋದಂತೆ. ಚೆಂಡು ದೇಹದ ಕಡೆಗೆ ಬರುತ್ತಿದ್ದರೆ ಆ ಕಾಲುಭಾಗವೇ ಗಾಯಕ್ಕೂ ಕ್ಷೇಮಕ್ಕೂ ನಡುವಣ ಅಂತರವಾಗುತ್ತದೆ.

ಎರಡನೆಯ ಕಾರಣ ಸಮಾನತೆಗೆ ಸಂಬಂಧಿಸಿದ್ದು. ಗವಸಿನ ಹೊರಮೈಯಲ್ಲಿ ಅಂಟು ಗುಣವಿದ್ದರೆ ಚೆಂಡಿಗೆ ಸ್ವಾಭಾವಿಕವಲ್ಲದ ಸುತ್ತನ್ನು ಕೊಡಲು ಸಾಧ್ಯ. ಬೆರಳಿಗೆ ಸುತ್ತಿದ ಪಟ್ಟಿಯ ಒರಟು ಅಂಚಿನಿಂದಲೂ ಅದೇ ಲಾಭ ಪಡೆಯಬಹುದು. ಚಳಿಗೆಂದು ಧರಿಸಿದ ವಸ್ತು ಯಾವುದು, ಚಾತುರ್ಯಕ್ಕೆಂದು ಧರಿಸಿದ್ದು ಯಾವುದು ಎಂದು ಅಂಪೈರು ಪ್ರತಿ ಎಸೆತದಲ್ಲಿಯೂ ಪರೀಕ್ಷಿಸಲಾರನು. ಆದ್ದರಿಂದ ಎಲ್ಲರ ಕೈಯೂ ಬರಿದಾಗಿರಲಿ ಎಂಬ ಸರಳ ನಿಯಮವೇ ಕಾರ್ಯಸಾಧ್ಯ.

ಮೂರನೆಯ ಕಾರಣವನ್ನು ಅನುಭವಿಗಳು ಒಪ್ಪುತ್ತಾರೆ. ಗವಸು ಶಾಖವನ್ನು ಉಳಿಸುವುದು ನಿಜ. ಆದರೆ ಅದು ಚರ್ಮಕ್ಕೂ ಚೆಂಡಿಗೂ ನಡುವೆ ಒಂದು ಪದರವಾಗಿ ನಿಂತು ಸ್ಪರ್ಶಜ್ಞಾನವನ್ನು ಕಡಿಮೆ ಮಾಡುತ್ತದೆ. ಹೊಲಿಗೆಯ ಏಣು ಬೆರಳಿಗೆ ತಿಳಿಯದಿದ್ದರೆ ಎಸೆತದ ಗುರಿ ಸಡಿಲವಾಗಿ ಎದುರು ನಿಂತವಳಿಗೇ ಅಪಾಯವಾದೀತು.

ಕ್ರಿಕೆಟ್ ಬಲ್ಲವರಿಗೆ ಈ ತತ್ತ್ವ ಅಪರಿಚಿತವಲ್ಲ. ಕ್ರಿಕೆಟ್ ಆಟದ ನಿಯಮಗಳಲ್ಲಿ ವಿಕೆಟ್ ಕೀಪರನನ್ನು ಬಿಟ್ಟು ಉಳಿದ ಕ್ಷೇತ್ರರಕ್ಷಕರು ಯಾರೂ ಗವಸು ಧರಿಸುವಂತಿಲ್ಲ. ಕೈಗಾಗಲಿ ಬೆರಳಿಗಾಗಲಿ ರಕ್ಷಣೆಯ ಪಟ್ಟಿ ಬೇಕಾದರೆ ಅಂಪೈರುಗಳ ಒಪ್ಪಿಗೆ ಅಗತ್ಯ. ಆಟ ಬೇರೆಯಾದರೂ ನ್ಯಾಯ ಒಂದೇ.

ನಿಯಮ ಬಿಟ್ಟುಕೊಡುವ ಅವಕಾಶಗಳು

ನಿಯಮವು ಎಸೆತಗಾರ್ತಿಯನ್ನು ಚಳಿಗೆ ಒಪ್ಪಿಸಿ ಕೈತೊಳೆದುಕೊಳ್ಳುವುದಿಲ್ಲ. ಎಸೆಯುವ ಕೈಯ ವಿಷಯದಲ್ಲಿ ಎಷ್ಟು ಬಿಗಿಯೋ, ಉಳಿದ ದೇಹದ ವಿಷಯದಲ್ಲಿ ಅಷ್ಟೇ ಉದಾರ. ಮೈಗೆ ಅಂಟಿಕೊಳ್ಳುವ ಉದ್ದ ತೋಳಿನ ಒಳಅಂಗಿ, ಉದ್ದ ಕಾಲುಡುಪು, ಮೊಣಕಾಲವರೆಗಿನ ದಪ್ಪ ಕಾಲುಚೀಲ ಇವುಗಳಿಗೆ ಅಡ್ಡಿಯಿಲ್ಲ. ಒಳಅಂಗಿಗಳು ಒಂದೇ ಬಣ್ಣದವಾಗಿದ್ದು ತಂಡದ ಉಡುಪಿಗೆ ಹೊಂದಿಕೊಂಡಿರಬೇಕು. ಚೆಂಡಿನ ಬಣ್ಣವನ್ನು ಬಿಟ್ಟು ಬೇರೆ ಬಣ್ಣವನ್ನು ಆರಿಸುವುದು ಕ್ಷೇಮಕರ. ಕಿವಿ ಮುಚ್ಚುವ ಪಟ್ಟಿ ಅಥವಾ ಟೋಪಿಯ ಬಗೆಗೆ ನಿಯಮಾವಳಿಗಳು ಭಿನ್ನವಾಗಿರುವುದರಿಂದ ಪಂದ್ಯಕ್ಕೆ ಮೊದಲೇ ಅಂಪೈರಿನ ಅಭಿಪ್ರಾಯ ಪಡೆಯುವುದು ಉತ್ತಮ.

ಕೈಯನ್ನು ಬೆಚ್ಚಗಿಡಲು ಇಡೀ ದೇಹವನ್ನು ಬೆಚ್ಚಗಿಡುವುದೇ ಅತ್ಯುತ್ತಮ ಮಾರ್ಗವೆಂಬುದು ಇಲ್ಲಿ ಗಮನಾರ್ಹ. ಎದೆ, ಕತ್ತು, ತೋಳುಗಳು ಬೆಚ್ಚಗಿದ್ದರೆ ದೇಹವು ಬೆರಳುಗಳಿಗೆ ರಕ್ತವನ್ನು ತಡೆಹಿಡಿಯುವ ಅಗತ್ಯ ಕಡಿಮೆಯಾಗುತ್ತದೆ. ಬರಿಗೈಯ ಮಣಿಕಟ್ಟಿನವರೆಗೆ ಬರುವ ಒಳಅಂಗಿಯ ತೋಳು ಈ ದೃಷ್ಟಿಯಿಂದ ಬಹಳ ಉಪಕಾರಿ.

ಗಾಯದ ವಿಷಯದಲ್ಲಿಯೂ ನಿಯಮ ವಿವೇಕದಿಂದ ನಡೆಯುತ್ತದೆ. ಎಸೆಯುವ ಮುಂದೋಳಿಗೆ ಗಾಯವಾಗಿ ಪಟ್ಟಿ ಕಟ್ಟಲೇಬೇಕಾದ ಸಂದರ್ಭದಲ್ಲಿ ಎರಡೂ ತೋಳುಗಳನ್ನು ಒಳಅಂಗಿಯ ತೋಳಿನಿಂದ ಮುಚ್ಚಬೇಕೆಂಬ ಏರ್ಪಾಡು ಸಾಫ್ಟ್‌ಬಾಲ್ ನಿಯಮಗಳಲ್ಲಿ ಬಹುಕಾಲದಿಂದ ಬಂದಿದೆ. ಇದರಿಂದ ಗಾಯಗೊಂಡವಳಿಗೆ ಆಟ ತಪ್ಪುವುದಿಲ್ಲ. ದಾಂಡಿಗಳ ಕಣ್ಣಿಗೆ ಪಟ್ಟಿಯೂ ಬೀಳುವುದಿಲ್ಲ.

ಜಾರುವ ಚೆಂಡಿಗೂ ಒಂದು ಪರಿಹಾರವಿದೆ. ರಾಳದ ಪುಡಿಯನ್ನು ಅಥವಾ ಕೈಯನ್ನು ಒಣಗಿಸುವ ಇತರ ಪುಡಿಯನ್ನು ಅಂಪೈರಿನ ಮೇಲ್ವಿಚಾರಣೆಯಲ್ಲಿ ಕೈಗೆ ಸವರಿಕೊಳ್ಳಬಹುದು. ಅದನ್ನು ಚೆಂಡಿಗೆ ನೇರವಾಗಿ ಬಳಿಯಲಾಗದು. ಬೆರಳನ್ನು ನಾಲಗೆಗೆ ತಾಗಿಸಿಕೊಂಡರೆ ಚೆಂಡನ್ನು ಮುಟ್ಟುವ ಮುನ್ನ ಅದನ್ನು ಒರೆಸಿಕೊಳ್ಳಬೇಕು. ಸೋದರ ಕ್ರೀಡೆಯಾದ ಬೇಸ್‌ಬಾಲ್ ಆಟದ ವೃತ್ತಿಪರ ನಿಯಮಗಳಲ್ಲಿ ಈ ಸಂಬಂಧವಾಗಿ ಒಂದು ಸ್ವಾರಸ್ಯಕರ ವಿನಾಯಿತಿ ಇದೆ. ಚಳಿಯ ಹವೆಯಲ್ಲಿ ನಡೆಯುವ ಪಂದ್ಯಕ್ಕೆ ಮುಂಚೆ ಎರಡೂ ತಂಡಗಳ ವ್ಯವಸ್ಥಾಪಕರು ಒಪ್ಪಿದರೆ, ಎಸೆತಗಾರನು ತನ್ನ ಕೈಯ ಮೇಲೆ ಬಾಯಿಯಿಂದ ಊದಿಕೊಳ್ಳಲು ಅಂಪೈರು ಅನುಮತಿ ಕೊಡಬಹುದು. ಒಂದು ಉಸಿರಿನ ಬಿಸಿಗೂ ಎದುರಾಳಿಯ ಸಮ್ಮತಿ ಬೇಕೆಂಬ ಈ ವಿಧಿ ಆ ಆಟದ ಶಿಸ್ತಿಗೆ ಸಾಕ್ಷಿಯಾಗಿದೆ.

ಪ್ರತಿ ಸರದಿಯ ಆರಂಭದಲ್ಲಿ ಎಸೆತಗಾರ್ತಿಗೆ ಒಂದು ನಿಮಿಷದೊಳಗೆ ಐದು ಅಭ್ಯಾಸದ ಎಸೆತಗಳು ದೊರೆಯುವುದು ಅಮೆರಿಕೆಯ ಶಾಲಾ ಪಂದ್ಯಗಳ ಪದ್ಧತಿ. ಹವೆ ಪ್ರತಿಕೂಲವಾಗಿದ್ದಾಗ ಈ ಸಂಖ್ಯೆಯನ್ನು ಹೆಚ್ಚಿಸುವ ಅಧಿಕಾರವನ್ನು ಅಂಪೈರಿಗೆ ಕೊಡಲಾಗಿದೆ. ತನ್ನ ತಂಡ ದಾಂಡು ಹಿಡಿದಿರುವಾಗ ಬಹಳ ಹೊತ್ತು ಕುಳಿತು ತಣ್ಣಗಾದ ತೋಳಿಗೆ ಇದು ದೊಡ್ಡ ಉಪಕಾರ.

ಹಿರಿಯರ ಹೊಣೆ

ನಿಯಮಗ್ರಂಥವು ಎಲ್ಲವನ್ನೂ ಹೇಳಲಾರದು. ಅದು ಹೇಳದೆ ಬಿಟ್ಟ ಕಡೆಯಲ್ಲಿ ತರಬೇತುದಾರರ ಹೊಣೆ ಆರಂಭವಾಗುತ್ತದೆ. ತಮ್ಮ ತಂಡದ ಸರದಿ ಬಂದೊಡನೆ ಎಸೆತಗಾರ್ತಿಗೆ ದಪ್ಪ ಅಂಗಿ ಹೊದಿಸಿ, ಕೈಗೆ ಉಣ್ಣೆಯ ಗವಸು ತೊಡಿಸಿ ಕೂರಿಸಬೇಕು. ಆಟಗಾರರ ಅಂಕಣದಲ್ಲಿ ಕುಳಿತಾಗ ಗವಸಿಗೆ ಯಾವ ನಿಷೇಧವೂ ಇಲ್ಲ. ಶಾಖ ಕೊಡುವ ಚಿಕ್ಕ ಪೊಟ್ಟಣಗಳನ್ನು ಅಲ್ಲಿಯೇ ಬಳಸಿ, ಮೈದಾನಕ್ಕೆ ಇಳಿಯುವ ಮುನ್ನ ತೆಗೆದಿಡುವುದು ನಿರಪಾಯದ ಕ್ರಮ. ಬೆವರಿನಿಂದ ಒದ್ದೆಯಾದ ಒಳಅಂಗಿಯನ್ನು ಬದಲಾಯಿಸಬೇಕು, ಏಕೆಂದರೆ ಒದ್ದೆ ಬಟ್ಟೆ ದೇಹದ ಶಾಖವನ್ನು ಬಹು ಬೇಗ ಕದಿಯುತ್ತದೆ. ಮರಳಿ ಎಸೆಯುವ ಮುನ್ನ ಭುಜ, ಮೊಣಕೈ, ಮಣಿಕಟ್ಟುಗಳನ್ನು ನಿಧಾನವಾಗಿ ಆಡಿಸಿ ಸಡಿಲಗೊಳಿಸಬೇಕು. ತಣ್ಣಗಾದ ಸ್ನಾಯುವಿನಿಂದ ಪೂರ್ಣ ವೇಗದ ಎಸೆತವನ್ನು ಬಯಸುವುದು ಗಾಯವನ್ನು ಆಹ್ವಾನಿಸಿದಂತೆ.

ಎಲ್ಲಕ್ಕಿಂತ ಮುಖ್ಯವಾದುದು, ಎಸೆತಗಾರ್ತಿ ತನ್ನ ಬೆರಳುಗಳಿಗೆ ಚೆಂಡು ತಿಳಿಯುತ್ತಿಲ್ಲವೆಂದು ಹೇಳಿದಾಗ ಅವಳ ಮಾತನ್ನು ನಂಬುವುದು. ಹದಿನಾಲ್ಕು ಹದಿನೈದು ವರ್ಷದ ಬಾಲಕಿ ತಂಡವನ್ನು ಕೈಬಿಟ್ಟೆನೆಂಬ ಅಪವಾದಕ್ಕೆ ಅಂಜಿ ತನ್ನ ಕಷ್ಟವನ್ನು ಮುಚ್ಚಿಡುವುದುಂಟು. ಚೆಂಡುಗಳು ಮತ್ತೆ ಮತ್ತೆ ಗುರಿ ತಪ್ಪುತ್ತಿದ್ದರೆ, ಬೆರಳುಗಳು ಬಿಳಿಚಿಕೊಂಡಿದ್ದರೆ, ಅವಳು ಕೇಳದಿದ್ದರೂ ಬೇರೊಬ್ಬಳನ್ನು ಕಳುಹಿಸುವುದು ಹಿರಿಯರ ಕರ್ತವ್ಯ. ಜಡಗೊಂಡ ಬೆರಳುಗಳಿಂದ ಹೊರಟ ಚೆಂಡು ಎದುರು ತಂಡದ ಬಾಲಕಿಗೂ ಅಪಾಯವೇ. ಮಳೆ, ಹಿಮ, ಕತ್ತಲೆಗಳಿಂದ ಆಟ ಅಪಾಯಕರವಾದಾಗ ಪಂದ್ಯವನ್ನು ನಿಲ್ಲಿಸುವ ಅಧಿಕಾರ ಅಂಪೈರಿಗಿದೆ. ಆ ಅಧಿಕಾರವನ್ನು ಬಳಸಲು ಅವನು ಸಂಕೋಚಪಡಬೇಕಾಗಿಲ್ಲ.

ಉಪಸಂಹಾರ

ಬರಿಗೈಯ ನಿಯಮದ ಹಿಂದೆ ಇಬ್ಬರು ಬಾಲಕಿಯರ ಹಿತವಿದೆ. ಒಬ್ಬಳು ಚಳಿಯಲ್ಲಿ ನಿಂತು ಚೆಂಡನ್ನು ಎಸೆಯುವವಳು. ಇನ್ನೊಬ್ಬಳು 43 ಅಡಿ ದೂರದಲ್ಲಿ ಆ ಚೆಂಡಿಗೆ ಎದುರಾಗಿ ನಿಂತವಳು. ಮೊದಲನೆಯವಳ ಕಷ್ಟ ಎಲ್ಲರ ಕಣ್ಣಿಗೆ ಕಾಣುತ್ತದೆ. ಎರಡನೆಯವಳ ಅಪಾಯ ಕಾಣುವುದಿಲ್ಲ. ಕಾಣದ ಅಪಾಯವನ್ನು ಮುಂದಾಗಿ ನೆನೆದು ನಿಯಮ ಎಸೆಯುವ ಕೈಯನ್ನು ಬರಿದಾಗಿರಿಸುತ್ತದೆ. ಕಾಣುವ ಕಷ್ಟವನ್ನು ಮರೆಯದೆ ಉಳಿದ ಮೈಯನ್ನು ಬೆಚ್ಚಗಿಡಲು ಅನುಮತಿ ನೀಡುತ್ತದೆ. ಈ ಎರಡನ್ನೂ ಅರಿತ ಎಸೆತಗಾರ್ತಿ ನಿಯಮವನ್ನು ಶಾಪವೆಂದು ಭಾವಿಸುವುದಿಲ್ಲ. ಸರದಿ ಮುಗಿದೊಡನೆ ಅಂಕಣಕ್ಕೆ ಓಡಿಬಂದು, ಕೈಯನ್ನು ಉಣ್ಣೆಯ ಗವಸಿನೊಳಗೆ ಸೇರಿಸಿ, ಮುಂದಿನ ಸರದಿಗಾಗಿ ಬೆರಳುಗಳನ್ನು ಆಡಿಸುತ್ತ ಸಿದ್ಧಳಾಗುತ್ತಾಳೆ. ಎದುರಾಳಿಯ ಕ್ಷೇಮಕ್ಕಾಗಿ ತನ್ನ ಸೌಖ್ಯವನ್ನು ಕೆಲವು ನಿಮಿಷ ಬಿಟ್ಟುಕೊಡಬಲ್ಲವರಿಗೆ ಮೈದಾನ ಕಲಿಸುವ ಪಾಠ ಮೈದಾನದ ಆಚೆಗೂ ಉಪಯೋಗಕ್ಕೆ ಬರುತ್ತದೆ.